ಬಾರದವನನ್ನು ವಿಚಾರಿಸುವವನೇ ನಾಯಕ

(ಹೊಸಹಳ್ಳಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮಲ್ಲಿ ಯಾರಿಗಾದರೂ ಮಲೇರಿಯಾ ಬಂದರೆ ನೆರೆಹೊರೆಯವರಿಗೆಲ್ಲ ತಿಳಿಯುತ್ತದೆ. ಸಕ್ಕರೆ ಕಾಯಿಲೆಯ ಚರ್ಚೆ ಮದುವೆಯ ಊಟದ ನಡುವೆಯೇ ನಡೆಯುತ್ತದೆ. ಆದರೆ ಮನೆಯ ಮಗನೊಬ್ಬ ತನ್ನಷ್ಟಕ್ಕೆ ತಾನೇ ಮಾತನಾಡತೊಡಗಿದರೆ, ಹೆರಿಗೆಯಾದ ಮಗಳು ಮಗುವನ್ನು ಎತ್ತಿಕೊಳ್ಳದೆ ಗೋಡೆ ನೋಡುತ್ತ ಕುಳಿತರೆ, ನಾವು ಮೊದಲು ಮಾಡುವ ಕೆಲಸವೆಂದರೆ ಬಾಗಿಲು ಮುಚ್ಚುವುದು. ಮಾನ ಹೋದೀತು, ತಂಗಿಯ ಸಂಬಂಧ ತಪ್ಪೀತು ಎಂಬ ಭಯ ನಮ್ಮನ್ನು ಕಾಡುತ್ತದೆ. ಇಂದು ನಾವು ಆ ಮುಚ್ಚಿದ ಬಾಗಿಲಿನ ಕುರಿತೂ ಅದನ್ನು ತಟ್ಟಬೇಕಾದ ಚಿಕಿತ್ಸಾ ತಂಡದ ಕುರಿತೂ ಮಾತನಾಡಬಯಸುತ್ತೇವೆ. ಅಂತಹ ತಂಡವನ್ನು ಮುನ್ನಡೆಸುವುದೆಂದರೇನು ಎಂಬುದೇ ಇಂದಿನ ಮುಖ್ಯ ಪ್ರಶ್ನೆ.

ಈ ಮಾತನ್ನು ಹೊಸಹಳ್ಳಿಯಲ್ಲಿ ಆಡುವುದಕ್ಕೆ ವಿಶೇಷ ಕಾರಣವಿದೆ. ಜಿಲ್ಲೆಯ ಸಾಮಾನ್ಯ ಆರೋಗ್ಯ ವ್ಯವಸ್ಥೆಯ ಮೂಲಕವೇ ಮನೋರೋಗಿಗಳಿಗೆ ಚಿಕಿತ್ಸೆ ನೀಡಬಹುದೆಂದು ಇಡೀ ದೇಶಕ್ಕೆ ತೋರಿಸಿಕೊಟ್ಟ ಪ್ರಯೋಗ ನಡೆದದ್ದು ಇದೇ ನೆಲದಲ್ಲಿ. ಇಂದು ವಿಜಯನಗರ ಜಿಲ್ಲೆಯಲ್ಲಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ಪ್ರದೇಶಗಳು 1985ರಲ್ಲಿ ಬಳ್ಳಾರಿ ಜಿಲ್ಲೆಯ ಭಾಗವಾಗಿದ್ದವು. ಆ ವರ್ಷ ಆರಂಭವಾಗಿ 1990ರ ವರೆಗೆ ನಡೆದ ಆ ಕಾರ್ಯವು ‘ಬಳ್ಳಾರಿ ಮಾದರಿ’ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಬಳ್ಳಾರಿಯೆಂದರೆ ಗಣಿಧೂಳು ಮತ್ತು ಗಣಿಯ ರಾಜಕೀಯ ಎಂದಷ್ಟೇ ಕೇಳಿ ಬೆಳೆದ ಹೊಸ ಪೀಳಿಗೆಗೆ ಈ ಇತಿಹಾಸವೂ ತಿಳಿಯಬೇಕು.

ಇದರ ಹಿನ್ನೆಲೆಯನ್ನು ಸಂಕ್ಷಿಪ್ತವಾಗಿ ನೋಡೋಣ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1975ರಲ್ಲಿ ಸಮುದಾಯ ಮನೋವೈದ್ಯಕೀಯ ಘಟಕವೊಂದನ್ನು ಆರಂಭಿಸಿತು. ಡಾ. ಆರ್.ಎಲ್. ಕಪೂರ್ ಅದರ ಮುಂದಾಳು. ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಈ ತಂಡವು ಕೆಲಸ ಮಾಡಿತು. ಮನೋರೋಗದ ಕುರಿತ ಕನ್ನಡ ಪುಸ್ತಕಗಳಿಂದ ನಮಗೆಲ್ಲ ಪರಿಚಿತರಾದ ಡಾ. ಸಿ.ಆರ್. ಚಂದ್ರಶೇಖರ್ ಅವರೂ ಆ ತಂಡದಲ್ಲಿದ್ದರು. ತೀವ್ರ ಮನೋರೋಗ ಮತ್ತು ಮೂರ್ಛೆರೋಗಗಳನ್ನು ಗುರುತಿಸಲು ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ, ಚಿಕಿತ್ಸೆ ನೀಡಲು ಸಾಮಾನ್ಯ ವೈದ್ಯರಿಗೂ ಕಲಿಸಬಹುದೆಂದು ಅಲ್ಲಿ ಕಂಡುಬಂತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಸರಕಾರವು ಅಂಗೀಕರಿಸಿದಾಗ ಮುಂದಿನ ಪ್ರಶ್ನೆ ಎದುರಾಯಿತು: ಕೆಲವು ಹಳ್ಳಿಗಳಲ್ಲಿ ಸಾಧ್ಯವಾದದ್ದು ಒಂದು ಇಡೀ ಜಿಲ್ಲೆಯಲ್ಲಿ ಸಾಧ್ಯವೇ? ಉತ್ತರ ಕಂಡುಕೊಳ್ಳಲು ಆಯ್ಕೆಯಾದದ್ದು ಬೆಂಗಳೂರಿನಿಂದ ಸುಮಾರು 300 ಕಿ.ಮೀ. ದೂರದ ಬಳ್ಳಾರಿ. 1981ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ ಸುಮಾರು 15 ಲಕ್ಷ.

ಅಲ್ಲಿ ಮಾಡಿದ್ದಾದರೂ ಏನು? ಹೊಸ ಹುಚ್ಚಾಸ್ಪತ್ರೆಯನ್ನೇನೂ ಕಟ್ಟಲಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ನೀಡಿದರು. ಅತ್ಯಗತ್ಯವಾದ ಕೆಲವೇ ಔಷಧಗಳನ್ನು ಆ ಕೇಂದ್ರಗಳಲ್ಲಿ ದೊರೆಯುವಂತೆ ಮಾಡಿದರು. ಸರಳವಾದ ದಾಖಲೆ ಪುಸ್ತಕವನ್ನು ಇಟ್ಟರು. ಜಿಲ್ಲಾಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ಚಿಕಿತ್ಸಾಲಯವನ್ನು ನಡೆಸಿ, ಕೆಳಗಿನ ಕೇಂದ್ರಗಳಿಂದ ಕಳುಹಿಸಿದ ರೋಗಿಗಳನ್ನು ಪರೀಕ್ಷಿಸಿದರು. ಅಗತ್ಯವಿದ್ದವರನ್ನು ಅಲ್ಪಕಾಲ ಒಳರೋಗಿಗಳಾಗಿ ಇರಿಸಿಕೊಳ್ಳಲು ಸುಮಾರು 10 ಹಾಸಿಗೆಗಳಿದ್ದವು. ಇವೆಲ್ಲಕ್ಕಿಂತ ನಮ್ಮ ಗಮನ ಸೆಳೆಯುವ ಅಂಶ ಇನ್ನೊಂದಿದೆ. ಆರೋಗ್ಯ ಕೇಂದ್ರಗಳ ವೈದ್ಯರ ಮಾಸಿಕ ಸಭೆಯಲ್ಲಿ ಜಿಲ್ಲಾ ಆರೋಗ್ಯಾಧಿಕಾರಿಯು ಪ್ರತಿ ತಿಂಗಳೂ ಈ ಕೆಲಸದ ಪರಿಶೀಲನೆ ನಡೆಸುತ್ತಿದ್ದರು. ಲಸಿಕೆ, ಕ್ಷಯ, ಹೆರಿಗೆಗಳ ಲೆಕ್ಕ ಕೇಳುವ ಸಭೆಯಲ್ಲಿಯೇ ಮನೋರೋಗಿಗಳ ಲೆಕ್ಕವನ್ನೂ ಕೇಳಲಾಯಿತು.

ಸಹೋದರರೇ, ಇದನ್ನು ಸಣ್ಣ ಸಂಗತಿಯೆಂದು ತಿಳಿಯಬೇಡಿ. ಮೇಲಿನವರು ವಿಚಾರಿಸದ ಕೆಲಸ ಯಾವುದೇ ಕಚೇರಿಯಲ್ಲಿ ನಡೆಯುವುದಿಲ್ಲವೆಂಬುದು ನಿಮ್ಮೆಲ್ಲರ ಅನುಭವ. ಬಳ್ಳಾರಿಯಲ್ಲಿ ಪರಿಣತ ಮನೋವೈದ್ಯರು ಕಲಿಸಿದರು, ಸಲಹೆ ನೀಡಿದರು, ಕಠಿಣವಾದ ರೋಗಿಗಳನ್ನು ನೋಡಿದರು. ದಿನನಿತ್ಯದ ಕೆಲಸವನ್ನು ಮಾತ್ರ ಸಾಮಾನ್ಯ ಆರೋಗ್ಯ ವ್ಯವಸ್ಥೆಯೇ ಹೊತ್ತಿತು. ಪರಿಣತಿ ಒಬ್ಬರಲ್ಲಿ, ಆಡಳಿತದ ಹೊಣೆ ಇನ್ನೊಬ್ಬರಲ್ಲಿ, ಮನೆಬಾಗಿಲಿನ ಪರಿಚಯ ಮೂರನೆಯವರಲ್ಲಿ. ಈ ಮೂರನ್ನೂ ಕೂಡಿಸಿ ನಡೆಸುವುದೇ ಇಲ್ಲಿ ನಾಯಕತ್ವ.

ಈ ಮಾದರಿಯ ಆಧಾರದಲ್ಲಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದ 4 ಜಿಲ್ಲೆಗಳಲ್ಲಿ ಆರಂಭವಾಯಿತು. ಈಗ ಅದು 700ಕ್ಕೂ ಹೆಚ್ಚು ಜಿಲ್ಲೆಗಳಿಗೆ ಮಂಜೂರಾಗಿದೆ. ಆದರೆ ಹರಡಿದಷ್ಟು ಅದು ಬೇರೂರಲಿಲ್ಲ. ಹಲವು ಜಿಲ್ಲೆಗಳಲ್ಲಿ ಹುದ್ದೆಗಳು ಖಾಲಿ ಉಳಿದವು, ತರಬೇತಿಯು ಒಮ್ಮೆ ನಡೆದು ನಿಂತಿತು, ಬಂದ ಹಣ ಖರ್ಚಾಗದೆ ಹಿಂದಿರುಗಿತು. ಹಳ್ಳಿಗೆ ಹೋಗಬೇಕಾದ ಕಾರ್ಯಕ್ರಮವು ಜಿಲ್ಲಾಸ್ಪತ್ರೆಯ ಒಂದು ಕೊಠಡಿಯೊಳಗೆ ಕುಗ್ಗಿಹೋದ ಉದಾಹರಣೆಗಳು ಅನೇಕ. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿ ಒಂದಲ್ಲ ಒಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು. ಅಂಥವರಲ್ಲಿ ಪ್ರತಿ 10 ಮಂದಿಯ ಪೈಕಿ ಸುಮಾರು 8 ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಕಾರ್ಯಕ್ರಮ ಕಾಗದದ ಮೇಲಿದ್ದೂ ರೋಗಿ ಮನೆಯೊಳಗೇ ಉಳಿದನೆಂದರೆ, ನಡುವೆ ನಡೆದು ಹೋಗಬೇಕಾದವರು ನಡೆಯಲಿಲ್ಲವೆಂದೇ ಅರ್ಥ.

ಹಾಗಾದರೆ ಇಂತಹ ತಂಡವನ್ನು ಮುನ್ನಡೆಸುವವರು ಮಾಡಬೇಕಾದುದೇನು? ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಈ ಭಾಗದ ಒಂದು ಹಳ್ಳಿಯಲ್ಲಿ 22 ವರ್ಷದ ಯುವಕನಿದ್ದಾನೆ. ಯಾರೋ ತನ್ನನ್ನು ಬೈಯುತ್ತಿದ್ದಾರೆಂದು ಆತ ರಾತ್ರಿಯಿಡೀ ಎಚ್ಚರವಿರುತ್ತಾನೆ, ಊಟದಲ್ಲಿ ವಿಷ ಹಾಕಿದ್ದಾರೆಂದು ತಟ್ಟೆ ಎಸೆಯುತ್ತಾನೆ. ಬಾಣಂತಿಯನ್ನು ನೋಡಲು ಪಕ್ಕದ ಮನೆಗೆ ಬಂದ ಆಶಾ ಕಾರ್ಯಕರ್ತೆಯು ಈ ಕೂಗನ್ನು ಕೇಳುತ್ತಾಳೆ. ಆಕೆ ಕಿರಿಯ ಆರೋಗ್ಯ ಸಹಾಯಕಿಗೆ, ಆಕೆ ಕೇಂದ್ರದ ವೈದ್ಯರಿಗೆ ತಿಳಿಸುತ್ತಾರೆ. ವೈದ್ಯರು ಪರೀಕ್ಷಿಸಿ, ಮನೋವೈದ್ಯರ ಸಲಹೆ ಪಡೆದು ಮಾತ್ರೆ ಆರಂಭಿಸುತ್ತಾರೆ. ಮನೋವೈದ್ಯಕೀಯ ಸಾಮಾಜಿಕ ಕಾರ್ಯಕರ್ತರು ತಾಯಿಗೆ ರೋಗದ ಸ್ವರೂಪವನ್ನು ವಿವರಿಸುತ್ತಾರೆ. ಎರಡು ತಿಂಗಳಲ್ಲಿ ಆತ ಹೊಲಕ್ಕೆ ಹೋಗತೊಡಗುತ್ತಾನೆ. ಮನೆಯವರು ಗುಣವಾಯಿತೆಂದು ಮಾತ್ರೆ ನಿಲ್ಲಿಸುತ್ತಾರೆ. ಅಷ್ಟರಲ್ಲಿ ಮಳೆ ಕೈಕೊಡುತ್ತದೆ, ಕುಟುಂಬವು ಗುಳೆ ಹೊರಡುತ್ತದೆ. ಮೂರನೆಯ ತಿಂಗಳ ಸರದಿಯಲ್ಲಿ ಆತನ ಹೆಸರನ್ನು ಕರೆದಾಗ ಉತ್ತರ ಬರುವುದಿಲ್ಲ.

ನಾಯಕನ ಪರೀಕ್ಷೆಯಾಗುವುದು ಇಲ್ಲಿಯೇ. ಸಾಲಿನಲ್ಲಿ ನಿಂತ ನೂರು ಮಂದಿಯನ್ನು ನೋಡಿ ಮುಗಿಸಿದ ವೈದ್ಯರು ಸಂಜೆ ದಣಿದಿರುತ್ತಾರೆ. ಬಂದವರ ಲೆಕ್ಕ ಪುಸ್ತಕದಲ್ಲಿರುತ್ತದೆ. ಬಾರದವರ ಲೆಕ್ಕವನ್ನು ಯಾರಾದರೂ ಕೇಳಿದರೆ ಮಾತ್ರ ಅದು ಹುಟ್ಟುತ್ತದೆ. ತೀವ್ರ ಮನೋರೋಗದಲ್ಲಿ ಔಷಧವು ನಡುವೆ ನಿಂತರೆ ರೋಗವು ಮರಳುವ ಸಂಭವ ಹೆಚ್ಚು. ಮೂರ್ಛೆರೋಗದ ಮಾತ್ರೆಯನ್ನು ಏಕಾಏಕಿ ಬಿಟ್ಟರೆ ಜೀವಕ್ಕೇ ಅಪಾಯ. ಆದ್ದರಿಂದ ತಂಡದ ಮುಖ್ಯಸ್ಥರು ಪ್ರತಿ ತಿಂಗಳೂ ಕೇಳಬೇಕಾದ ಮೊದಲ ಪ್ರಶ್ನೆ ಇದು: ಕಳೆದ ಬಾರಿ ಬಂದು ಈ ಬಾರಿ ಬಾರದವರು ಯಾರು? ಅವರ ಮನೆಗೆ ಯಾರು, ಯಾವ ದಿನ ಹೋಗುತ್ತಾರೆ? ಗುಳೆ ಹೋಗುವ ಕಾಲವು ಮುಂಚಿತವಾಗಿಯೇ ಗೊತ್ತಿರುವಾಗ, ವೈದ್ಯರ ತೀರ್ಮಾನದಂತೆ ಹೆಚ್ಚು ದಿನಗಳ ಔಷಧವನ್ನೂ ಚಿಕಿತ್ಸೆಯ ಚೀಟಿಯನ್ನೂ ಕೊಟ್ಟು ಕಳುಹಿಸಲು ಏಕೆ ಸಾಧ್ಯವಾಗಬಾರದು?

ಎರಡನೆಯದು, ಕೆಳಗಿನವರ ಮಾತನ್ನು ಆಲಿಸುವುದು. ಮನೋವೈದ್ಯರು ರೋಗಿಯನ್ನು ತಿಂಗಳಿಗೆ ಹತ್ತು ನಿಮಿಷ ಕಾಣುತ್ತಾರೆ. ಆಶಾ ಕಾರ್ಯಕರ್ತೆಯು ಆತನ ಅಂಗಳವನ್ನೇ ಕಂಡಿರುತ್ತಾಳೆ. ಮಾತ್ರೆಯನ್ನು ಯಾರು ಕೊಡುತ್ತಾರೆ, ಮನೆಯಲ್ಲಿ ಕುಡಿತವಿದೆಯೇ, ಸೊಸೆಯ ಮೈಮೇಲಿನ ಗಾಯ ಎಲ್ಲಿಯದು ಎಂಬುದನ್ನು ಆಕೆ ಬಲ್ಲಳು. ಸಭೆಯಲ್ಲಿ ಆಕೆ ಮೊದಲು ಮಾತನಾಡುವಂತಾಗಬೇಕು. ರೋಗಿಯ ಮನೆಯವರ ಮುಂದೆ ಆಕೆಯನ್ನು ಗದರಿಸುವ ವೈದ್ಯನು ತನ್ನ ಕಣ್ಣನ್ನು ತಾನೇ ಕಳೆದುಕೊಳ್ಳುತ್ತಾನೆ. ಆಕೆಯ ಮೇಲೆ ಹೊಸ ಕೆಲಸಗಳ ಹೊರೆ ಹೇರುತ್ತ, ಗೌರವಧನವನ್ನು ಮಾತ್ರ ತಡವಾಗಿ ಕೊಡುವ ಸರಕಾರವೂ ಇದೇ ತಪ್ಪನ್ನು ಮಾಡುತ್ತಿರುತ್ತದೆ.

ಮೂರನೆಯದು ಗುಟ್ಟು ಕಾಯುವುದು. ಸಣ್ಣ ಊರಿನಲ್ಲಿ ಒಂದು ಹೆಸರು ಹೊರಬಿದ್ದರೆ ಮತ್ತೆ ಹತ್ತು ಮನೆಗಳವರು ಬಾಗಿಲು ತೆರೆಯುವುದಿಲ್ಲ. ವಾಹನ ಚಾಲಕನಿಂದ ವೈದ್ಯನ ವರೆಗೆ ಪ್ರತಿಯೊಬ್ಬರೂ ಈ ಶಿಸ್ತಿಗೆ ಬದ್ಧರಾಗಿರಬೇಕು.

ನಾಲ್ಕನೆಯದು ಭಾಷೆ ಮತ್ತು ಸ್ತ್ರೀಯರ ಸಂಕೋಚ. ಮನೆಯಲ್ಲಿ ಉರ್ದು ಆಡುವ ನಮ್ಮ ಸಹೋದರಿಯು ತನ್ನ ಸಂಕಟವನ್ನು ಅಪರಿಚಿತ ಪುರುಷನ ಮುಂದೆ, ಬೇರೆ ಭಾಷೆಯಲ್ಲಿ, ಪತಿ ಮತ್ತು ಅತ್ತೆಯ ಎದುರೇ ಹೇಳಬೇಕೆಂದರೆ ಏನು ಹೇಳಿಯಾಳು? “ತಲೆನೋವು, ಎದೆಯಲ್ಲಿ ಉರಿ, ನಿದ್ದೆಯಿಲ್ಲ” ಎಂದಷ್ಟೇ ಹೇಳಿಯಾಳು. ಆಕೆಗೆ ನೋವಿನ ಮಾತ್ರೆ ಸಿಗುತ್ತದೆ, ಖಿನ್ನತೆ ಹಾಗೆಯೇ ಉಳಿಯುತ್ತದೆ. ಆಕೆಯ ಮಾತು ಬಲ್ಲ ಮಹಿಳಾ ಕಾರ್ಯಕರ್ತೆಯೊಬ್ಬಳು ಏಕಾಂತದಲ್ಲಿ ಕುಳಿತು ಕೇಳುವಂತೆ ಏರ್ಪಾಡು ಮಾಡುವುದು ಮುಖ್ಯಸ್ಥರ ಕರ್ತವ್ಯ. ಸಾಯುವ ಮಾತನ್ನು ಯಾರಾದರೂ ಆಡಿದರೆ ಅದನ್ನು ನಾಟಕವೆನ್ನದೆ ಅಂದೇ ವೈದ್ಯರಿಗೆ ಮುಟ್ಟಿಸಬೇಕೆಂಬುದು ತಂಡದ ಪ್ರತಿಯೊಬ್ಬರಿಗೂ ಗೊತ್ತಿರಬೇಕು.

ಈಗ ನಮ್ಮ ಸಮುದಾಯದ ವಿಷಯಕ್ಕೆ ಬರೋಣ. ರೋಗಿಯನ್ನು ಮೊದಲು ಕರೆದೊಯ್ಯುವುದು ಎಲ್ಲಿಗೆ? ತಾಯಿತ ಕಟ್ಟುವವರ ಬಳಿಗೆ, ಊದಿದ ನೀರಿಗೆ, ದರ್ಗಾದ ಅಂಗಳಕ್ಕೆ. ಜಿನ್ನ್ ಹಿಡಿದಿದೆ, ಮಾಟ ಮಾಡಿಸಿದ್ದಾರೆ ಎಂಬ ಮಾತಿನಲ್ಲಿ ವರ್ಷಗಳು ಉರುಳುತ್ತವೆ. 2001ರ ಆಗಸ್ಟ್ 6ರ ಮುಂಜಾವ ತಮಿಳುನಾಡಿನ ಏರ್ವಾಡಿಯಲ್ಲಿ ನಡೆದುದನ್ನು ನಾವು ಮರೆಯಲಾಗದು. ಅಲ್ಲಿನ ದರ್ಗಾದ ಸಮೀಪ ಖಾಸಗಿಯವರು ನಡೆಸುತ್ತಿದ್ದ ಕೇಂದ್ರವೊಂದಕ್ಕೆ ಬೆಂಕಿ ಹತ್ತಿತು. ಸರಪಳಿಯಲ್ಲಿ ಬಂಧಿಸಲ್ಪಟ್ಟಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. ಅವರನ್ನು ಅಲ್ಲಿ ಬಿಟ್ಟು ಬಂದವರು ಅವರ ಬಂಧುಗಳೇ. ದ್ವೇಷದಿಂದ ಬಿಟ್ಟವರು ವಿರಳ. ಬೇರೆ ದಾರಿ ಕಾಣದೆ ಬಿಟ್ಟವರೇ ಹೆಚ್ಚು ಎಂದು ನಾವು ಭಾವಿಸುತ್ತೇವೆ. ದಾರಿಯನ್ನು ತೋರಿಸದ ಸರಕಾರವೂ ಸಮುದಾಯವೂ ಆ ಸಾವುಗಳಿಗೆ ಉತ್ತರ ಹೇಳಬೇಕಿದೆ.

ಹಾಗೆಂದು ಪ್ರಾರ್ಥನೆಯನ್ನೂ ಔಷಧವನ್ನೂ ಎದುರುಬದುರು ನಿಲ್ಲಿಸಬೇಕಾಗಿಲ್ಲ. ಗುಜರಾತಿನ ಉನಾವಾದಲ್ಲಿರುವ ಮೀರಾ ದಾತಾರ್ ದರ್ಗಾದಲ್ಲಿ ‘ದವಾ-ದುಆ’ ಎಂಬ ಕಾರ್ಯಕ್ರಮವು ನಡೆದಿದೆ. ಅಲ್ಲಿನ ಮುಜಾವರರಿಗೇ ರೋಗಲಕ್ಷಣಗಳನ್ನು ಗುರುತಿಸಲು ಕಲಿಸಿ, ದುಆ ಮಾಡಿಸಲು ಬಂದವರನ್ನು ಅಲ್ಲಿಯೇ ವೈದ್ಯರ ಬಳಿಗೆ ಕಳುಹಿಸುವ ಏರ್ಪಾಡು ಅದು. ನಮ್ಮ ಪೂರ್ವಜರಿಗೂ ಇದು ಹೊಸತಲ್ಲ. ಒಂಬತ್ತು-ಹತ್ತನೆಯ ಶತಮಾನಗಳಲ್ಲಿ ಬದುಕಿದ ಅಬೂ ಝೈದ್ ಅಲ್ ಬಲ್ಖೀಯವರು ದೇಹ ಮತ್ತು ಮನಸ್ಸುಗಳ ಆರೈಕೆಯನ್ನು ಒಂದೇ ಗ್ರಂಥದಲ್ಲಿ ವಿವರಿಸಿದರು. ಸುಲ್ತಾನ್ ಕಲಾವೂನ್ ಹದಿಮೂರನೆಯ ಶತಮಾನದಲ್ಲಿ ಕೈರೋದಲ್ಲಿ ಕಟ್ಟಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೂ ಸ್ಥಾನವಿತ್ತು. ಆ ಪರಂಪರೆಯ ವಾರಸುದಾರರು ಮಗನ ಕಾಲಿಗೆ ಸರಪಳಿ ಹಾಕುವುದು ಶೋಭೆಯೇ?

ಕಾನೂನು ಸಹ ಇಂದು ಸ್ಪಷ್ಟವಾಗಿದೆ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ 2017ರ ಪ್ರಕಾರ, ಸರಕಾರಿ ವ್ಯವಸ್ಥೆಯಲ್ಲಿ ಮಾನಸಿಕ ಆರೋಗ್ಯ ಸೇವೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. ಬಡತನ ರೇಖೆಗಿಂತ ಕೆಳಗಿರುವವರಿಗೆ ಅದು ಉಚಿತ. ರೋಗಿಯನ್ನು ಯಾವುದೇ ರೀತಿಯಲ್ಲಿ ಸರಪಳಿಯಿಂದ ಬಂಧಿಸುವುದು ನಿಷಿದ್ಧ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ದೊರೆಯಬೇಕೆಂಬ ಉದ್ದೇಶದಿಂದ ಕರ್ನಾಟಕ ಸರಕಾರವು 2014ರಲ್ಲಿ ‘ಮನೋಚೈತನ್ಯ’ ಕಾರ್ಯಕ್ರಮವನ್ನು ಆರಂಭಿಸಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಹಕ್ಕು ಕಾಗದದಲ್ಲಿದ್ದರೆ ಸಾಲದು. ಮತ ಕೇಳಲು ಬಂದವರನ್ನು ನಾವು ರಸ್ತೆ, ಚರಂಡಿಗಳ ಬಗ್ಗೆ ಕೇಳುತ್ತೇವೆ. ನಮ್ಮ ತಾಲೂಕಿಗೆ ಮನೋವೈದ್ಯರು ತಿಂಗಳಿಗೆ ಎಷ್ಟು ಬಾರಿ ಬರುತ್ತಾರೆ, ಆರೋಗ್ಯ ಕೇಂದ್ರದಲ್ಲಿ ಔಷಧವಿದೆಯೇ, ಜಿಲ್ಲಾ ತಂಡದ ಎಷ್ಟು ಹುದ್ದೆಗಳು ಖಾಲಿಯಿವೆ ಎಂದು ಎಂದಾದರೂ ಕೇಳಿದ್ದೇವೆಯೇ?

ಸರಕಾರದ ತಂಡವು ಎಷ್ಟೇ ಸಮರ್ಥವಾಗಿದ್ದರೂ ಅದು ನಮ್ಮ ಬಾಗಿಲಿನ ಹೊರಗೇ ನಿಲ್ಲುತ್ತದೆ. ಒಳಗಿನಿಂದ ಚಿಲಕ ತೆಗೆಯಬೇಕಾದವರು ನಾವು. ಜಮಾಅತ್‌ನ ಹಿರಿಯರು ಆರೋಗ್ಯ ಕೇಂದ್ರದ ವೈದ್ಯರನ್ನು ವರ್ಷಕ್ಕೆ ಎರಡು ಬಾರಿಯಾದರೂ ಮೊಹಲ್ಲಾಕ್ಕೆ ಕರೆಯಲಿ. ಇಮಾಮರು ಜುಮಾ ದಿನದಂದು ಈ ರೋಗಗಳ ಕುರಿತು ನಾಲ್ಕು ಮಾತು ಹೇಳಲಿ. ಮದುವೆ ಮಾಡಿದರೆ ಸರಿಹೋಗುತ್ತಾನೆಂದು ರೋಗವನ್ನು ಮುಚ್ಚಿಟ್ಟು ಇನ್ನೊಬ್ಬರ ಮಗಳ ಬಾಳನ್ನು ಪಣಕ್ಕಿಡುವ ಪದ್ಧತಿ ನಿಲ್ಲಲಿ. ರೋಗಿಯ ತಾಯಿಗೆ ಆಸ್ಪತ್ರೆಗೆ ಹೋಗಲು ಜೊತೆಗಾರರಿಲ್ಲದಿದ್ದರೆ ನೆರೆಮನೆಯ ಯುವಕನೊಬ್ಬ ಎದ್ದು ಹೊರಡಲಿ.

ಮಸೀದಿಯ ಸಾಲಿನಲ್ಲಿ ದಿನವೂ ನಿಲ್ಲುತ್ತಿದ್ದವನು ನಾಲ್ಕು ದಿನ ಕಾಣದಿದ್ದರೆ “ಅವರೆಲ್ಲಿ?” ಎಂದು ವಿಚಾರಿಸುವುದು ನಮ್ಮಲ್ಲಿ ಇನ್ನೂ ಉಳಿದಿರುವ ಒಳ್ಳೆಯ ರೂಢಿ. ಚಿಕಿತ್ಸಾ ತಂಡದ ಮುಖ್ಯಸ್ಥನಿಂದ ನಾವು ನಿರೀಕ್ಷಿಸುವುದು ಇದೇ ಕಾಳಜಿಯನ್ನು. ಬಳ್ಳಾರಿಯ ಮಾಸಿಕ ಸಭೆಗಳಲ್ಲಿ ಅದು ಸರಕಾರಿ ಕೆಲಸದ ಭಾಗವೇ ಆಗಿತ್ತು. ನಮ್ಮ ಬೀದಿಯಲ್ಲಿಯೂ ಹೊರಗೆ ಬಾರದವರು ಇದ್ದಾರೆ. ಈ ಸಭೆ ಮುಗಿದ ಮೇಲೆ, ದಯವಿಟ್ಟು ಅವರನ್ನು ವಿಚಾರಿಸಿರಿ.