ವ್ಯಸನಮುಕ್ತಿಯಲ್ಲಿ ಮನೆಯವರ ಪಾತ್ರ

ಮಾದಕ ವ್ಯಸನವು ಮಿದುಳಿನ ಕಾರ್ಯವನ್ನೇ ಬದಲಿಸುವ, ಆದರೆ ಚಿಕಿತ್ಸೆಗೆ ಬಗ್ಗುವ ಕಾಯಿಲೆ ಎಂಬ ಅರಿವು ಮೊದಲು ಮನೆಯವರಲ್ಲಿ ಮೂಡಬೇಕು. ಮದ್ಯಕ್ಕೋ ನಿದ್ರೆಮಾತ್ರೆಗೋ ಒಗ್ಗಿದ ದೇಹಕ್ಕೆ ಅದು ಹಠಾತ್ತನೆ ತಪ್ಪಿದಾಗ ಕೈನಡುಕ, ನಿದ್ರಾಹೀನತೆ, ಕೆಲವೊಮ್ಮೆ ಫಿಟ್ಸ್ ಕೂಡ ಬರುವುದುಂಟು. ಹಿಂತೆಗೆತದ ಲಕ್ಷಣಗಳೆನಿಸುವ ಇವುಗಳಿಂದಾಗಿ, ಕೋಣೆಯಲ್ಲಿ ಕೂಡಿಹಾಕಿ ಚಟ ಬಿಡಿಸುವುದು ಅಪಾಯಕಾರಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕುಟುಂಬಗಳು ಹತ್ತಿರದ ಸರ್ಕಾರಿ ವೈದ್ಯರನ್ನು ಕಂಡು, ಅಗತ್ಯವಿದ್ದರೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ಗೆ ಹೋಗಬಹುದು. 14446 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿಯೂ ದಾರಿ ತೋರುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ರೋಗಿಯ ಗೋಪ್ಯತೆಯನ್ನು ಕಾಯುವುದರಿಂದ ನಾಲ್ಕು ಜನರ ಮಾತಿಗೆ ಅಂಜಬೇಕಿಲ್ಲ. ಹೊತ್ತಿಗೆ ಸರಿಯಾಗಿ ಮಾತ್ರೆಯನ್ನು ಕೈಗಿಟ್ಟು, ಆತ ಮತ್ತೆ ಜಾರಿದರೂ ಹಂಗಿಸದೆ ಪುನಃ ಆಸ್ಪತ್ರೆಗೆ ಕರೆದೊಯ್ಯುವ ಮನೆಯೇ ವ್ಯಸನಿಗೆ ನಿಜವಾದ ಆಸರೆ.