ಹಿಂದಕ್ಕೆ ಸರಿದ ಗೇರ್‌ಬಾಕ್ಸ್

ಮುಂದೆ ಎಂಜಿನ್, ಅದಕ್ಕೆ ಅಂಟಿಕೊಂಡೇ ಗೇರ್‌ಬಾಕ್ಸ್, ಅಲ್ಲಿಂದ ಹಿಂಚಕ್ರಗಳವರೆಗೆ ಒಂದು ಶಾಫ್ಟು. ಕಾರುಗಳಲ್ಲಿ ಬಹುಕಾಲ ನಡೆದುಬಂದ ಪದ್ಧತಿ ಇದು. 1950ರಲ್ಲಿ ಇಟಲಿಯ ಲಾನ್ಸಿಯಾ ಕಂಪನಿ ತನ್ನ ಆರೇಲಿಯಾ ಕಾರಿನ ಕ್ಲಚ್ಚು, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಮೂರನ್ನೂ ಒಟ್ಟುಗೂಡಿಸಿ ಹಿಂದಿಟ್ಟಿತು. ಮುಂದಿನ ಭಾರ ಇಳಿದು ಕಾರು ಸಮತೂಕಕ್ಕೆ ಬಂತು. ಗೇರ್‌ಬಾಕ್ಸೂ ಡಿಫರೆನ್ಷಿಯಲ್ಲೂ ಒಂದಾದ ಇಂಥ ಘಟಕವೇ ಟ್ರಾನ್ಸ್‌ಆಕ್ಸಲ್.

ಪೇಚಿಗೆ ಸಿಕ್ಕಿದ್ದು ನಡುವಿನ ಶಾಫ್ಟು. ಮಾಮೂಲು ಕಾರಿನಲ್ಲಿ, ಕೆಳಗಿನ ಗೇರುಗಳಲ್ಲಿ ಅದು ನಿಧಾನವಾಗಿ ತಿರುಗುತ್ತದೆ. ಇಲ್ಲಿ ಸದಾ ಎಂಜಿನ್ನಿನಷ್ಟೇ ವೇಗ. ಸ್ವಲ್ಪ ಓರೆಯಾದರೂ ಇಡೀ ಕಾರು ನಡುಗುತ್ತದೆ.

1964ರಲ್ಲಿ ಪ್ಯಾರಿಸ್ ಪ್ರದರ್ಶನಕ್ಕೆ ಬಂದ ಫೆರಾರಿ 275 ಜಿಟಿಬಿಯನ್ನೇ ನೋಡಿ. ಫೆರಾರಿಯ ರಸ್ತೆ ಕಾರುಗಳಲ್ಲಿ ಟ್ರಾನ್ಸ್‌ಆಕ್ಸಲ್ ಬಂದದ್ದು ಇದರಲ್ಲೇ ಮೊದಲು. 12 ಸಿಲಿಂಡರಿನ ಎಂಜಿನ್ ನಾಲ್ಕು ಮೌಂಟುಗಳ ಮೇಲೆ, ಟ್ರಾನ್ಸ್‌ಆಕ್ಸಲ್ ಮೂರರ ಮೇಲೆ. ನಡುವೆ ತೆಳ್ಳನೆಯ ಶಾಫ್ಟು, ಅದರ ಮಧ್ಯಕ್ಕೊಂದು ಬೇರಿಂಗ್. ಎಲ್ಲವೂ ಒಂದೇ ಗೆರೆಯಲ್ಲಿ ಕೂರಬೇಕು. ಆದರೆ ಓಡುವ ಕಾರಿನ ಚಾಸಿ ತಿರುಚಿಕೊಳ್ಳುತ್ತದೆ, ಮೌಂಟಿನ ರಬ್ಬರು ಕುಗ್ಗುತ್ತದೆ. ಗೆರೆ ತಪ್ಪಿದರೆ ಕಂಪನ, ಸದ್ದು, ಬೇರಿಂಗಿನ ಸವೆತ. ಮೊದಲು ಶಾಫ್ಟಿನ ತುದಿಗಳಿಗೆ ಕಾನ್‌ಸ್ಟಂಟ್ ವೆಲಾಸಿಟಿ ಜಾಯಿಂಟುಗಳನ್ನು ಹಾಕಿದರು. ಓರೆಯನ್ನು ಸಹಿಸಿಕೊಳ್ಳುವ ಏರ್ಪಾಡು ಅದು. 1966ರಲ್ಲಿ ಬಂದ 275 ಜಿಟಿಬಿ/4ರಲ್ಲಿ ಶಾಫ್ಟನ್ನು ಗಟ್ಟಿ ಕೊಳವೆಯೊಳಗಿಟ್ಟು, ಆ ಕೊಳವೆಯನ್ನೇ ಎಂಜಿನ್ನಿಗೂ ಟ್ರಾನ್ಸ್‌ಆಕ್ಸಲ್‌ಗೂ ಬೋಲ್ಟು ಹಾಕಿ ಬಿಗಿದರು. ಈ ಟಾರ್ಕ್ ಟ್ಯೂಬಿನಿಂದ ಎಂಜಿನ್ನೂ ಟ್ರಾನ್ಸ್‌ಆಕ್ಸಲ್ಲೂ ಒಂದೇ ಬೆನ್ನುಮೂಳೆಗೆ ಸೇರಿದಂತಾಯಿತು. ಎಂಜಿನ್ನಿಗೆ ಎರಡು, ಟ್ರಾನ್ಸ್‌ಆಕ್ಸಲ್‌ಗೆ ಎರಡು ಮೌಂಟು ಸಾಕಾದವು. ಈ ಚರಿತ್ರೆಯಲ್ಲಿ ನಾನು ತುಂಬ ಮೆಚ್ಚುವ ಹೆಜ್ಜೆ ಇದು. ಚಾಸಿ ಎಷ್ಟೇ ತಿರುಚಿದರೂ ಶಾಫ್ಟಿನ ಗೆರೆ ಕದಲದು.

1972ರ ಆಲ್ಫಾ ರೋಮಿಯೋ ಆಲ್ಫೆಟ್ಟಾ ಬೇರೆ ದಾರಿ ಹಿಡಿಯಿತು. ಕೊಳವೆ ಇಲ್ಲದ ಅದರ ಶಾಫ್ಟಿಗೆ ರಬ್ಬರ್ ಕಪ್ಲಿಂಗ್‌ಗಳು. ವಯಸ್ಸಾದಂತೆ ರಬ್ಬರು ಬಿರುಕು ಬಿಡುತ್ತದೆ, ನಡುಕ ಮರಳುತ್ತದೆ.

ಪೋರ್ಷೆ ತನ್ನ 924 ಮತ್ತು 928 ಕಾರುಗಳಿಗೆ ಕೊಳವೆಯನ್ನೇ ಆರಿಸಿಕೊಂಡಿತು. ಕೊಳವೆಯೊಳಗಿನ ಬೇರಿಂಗುಗಳು ಸವೆಯುತ್ತವೆ ನಿಜ, ಆದರೆ ಆಟೊಮ್ಯಾಟಿಕ್ 928ರಲ್ಲಿ ಅದಕ್ಕಿಂತ ದೊಡ್ಡ ಕೇಡು ಕಾದಿತ್ತು. ಶಾಫ್ಟಿನ ಮುಂತುದಿಯ ಕ್ಲ್ಯಾಂಪು ಜಾರಿದರೆ ಅದನ್ನು ಎಂಜಿನ್ನಿಗೆ ಜೋಡಿಸುವ ಫ್ಲೆಕ್ಸ್ ಪ್ಲೇಟು ಬಾಗಿ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟನ್ನು ಮುಂದಕ್ಕೆ ಒತ್ತುತ್ತದೆ. ಹಾಗೇ ಬಿಟ್ಟರೆ ಆ ಸರಿತವನ್ನು ತಡೆಯುವ ಥ್ರಸ್ಟ್ ಬೇರಿಂಗ್ ತೇದು, ಕೊನೆಗೆ ಎಂಜಿನ್ ಬ್ಲಾಕೇ ಹಾಳಾಗಬಹುದು. ಆದ್ದರಿಂದ ಬಲ್ಲ ಮೆಕ್ಯಾನಿಕ್ಕುಗಳು ಆ ಕ್ಲ್ಯಾಂಪಿನ ಬೋಲ್ಟನ್ನು ಸಡಿಲಿಸಿ, ಕಟ್ಟಿಕೊಂಡ ಒತ್ತಡ ಬಿಡಿಸಿ, ಮತ್ತೆ ಬಿಗಿಯುತ್ತಾರೆ. ಹಳೆಯ 928 ಕೊಳ್ಳುವವರು ಕ್ರ್ಯಾಂಕ್‌ಶಾಫ್ಟ್ ಹಿಂದೆ ಮುಂದೆ ಎಷ್ಟು ಸರಿಯುತ್ತದೆ ಎಂದು ಅಳೆಸಿಯೇ ಹಣ ಕೊಡಬೇಕು.