ಜನಾಭಿಪ್ರಾಯದ ಬೆಲೆ

ಬಲಾಢ್ಯವಾದ ರಾಷ್ಟ್ರವೊಂದು ನೆರೆಯ ಸಣ್ಣ ರಾಷ್ಟ್ರದ ಮೇಲೆ ದಂಡೆತ್ತಿ ಹೋದಾಗ, ದೂರದೇಶಗಳ ಜನರು ಅದನ್ನು ಅನ್ಯಾಯವೆಂದು ಖಂಡಿಸುವುದುಂಟು. ಈ ಅಭಿಪ್ರಾಯಕ್ಕೆ ಬೆಲೆಯೆಷ್ಟು? ಫಿರಂಗಿಯ ಗುಂಡನ್ನು ಅದು ತಡೆಯಲಾರದಾದರೆ, ಇದ್ದೂ ಇಲ್ಲದಂತೆಯೆ? 1939ನೆಯ ಇಸವಿಯ ಚಳಿಗಾಲದಲ್ಲಿ ಫಿನ್ಲೆಂಡಿನಲ್ಲಿ ನಡೆದ ಯುದ್ಧವನ್ನು ನೆನೆದು ಈ ಪ್ರಶ್ನೆಯನ್ನು ವಿಚಾರಿಸೋಣ.

ಫಿನ್ಲೆಂಡಿನ ಗಡಿಯು ಲೆನಿನ್‌ಗ್ರಾಡ್ ನಗರಕ್ಕೆ ಸುಮಾರು 32 ಕಿಲೋಮೀಟರ್ ದೂರದಲ್ಲಿದ್ದಿತು. ನಗರದ ರಕ್ಷಣೆಗಾಗಿ ಆ ಗಡಿಯನ್ನು ಹಿಂದಕ್ಕೆ ಸರಿಸಬೇಕೆಂದೂ, ಹಾಂಕೊ ಎಂಬ ರೇವನ್ನು ಗುತ್ತಿಗೆಗೆ ಕೊಡಬೇಕೆಂದೂ, ಪ್ರತಿಯಾಗಿ ಬೇರೆಡೆ ಹೆಚ್ಚು ನೆಲವನ್ನು ಕೊಡುವೆವೆಂದೂ ಸೋವಿಯತ್ ಸರ್ಕಾರವು ಕೇಳಿತು. ಫಿನ್ನರು ಒಪ್ಪಲಿಲ್ಲ. ನವೆಂಬರ್ 26ರಂದು, ಗಡಿಯ ಮೈನಿಲಾ ಗ್ರಾಮದಲ್ಲಿ ಫಿನ್ನರು ತನ್ನ ಸೈನಿಕರ ಮೇಲೆ ಗುಂಡು ಹಾರಿಸಿದರೆಂದು ಮಾಸ್ಕೋ ದೂರಿತು. 30ರಂದು ಹೆಲ್ಸಿಂಕಿಯ ಮೇಲೆ ಬಾಂಬುಗಳು ಬಿದ್ದುವು. 37 ಲಕ್ಷ ಜನರ ನಾಡಿನ ಮೇಲೆ 17 ಕೋಟಿ ಜನರ ರಾಜ್ಯವು ನುಗ್ಗಿತು.

ಲೋಕದ ಸಹಾನುಭೂತಿಗೆ ಕೊರತೆಯಿರಲಿಲ್ಲ. ರಾಷ್ಟ್ರಸಂಘವು ಡಿಸೆಂಬರ್ 14ರಂದು ಸೋವಿಯತ್ ರಾಷ್ಟ್ರವನ್ನು ತನ್ನ ಸದಸ್ಯತ್ವದಿಂದ ಹೊರಹಾಕಿತು. ಅಮೆರಿಕದಲ್ಲಿ ಮಾಜಿ ಅಧ್ಯಕ್ಷ ಹೂವರರು ನಿಧಿ ಕೂಡಿಸಿದರು. ಸ್ವೀಡನ್ನಿನಿಂದ 8,000ಕ್ಕೂ ಹೆಚ್ಚು ಮಂದಿ ತಾವಾಗಿಯೇ ಹೊರಟು ಬಂದರು. ಆದರೆ ಸರ್ಕಾರಗಳ ನಡೆ ಬೇರೆಯಾಗಿದ್ದಿತು. ಸ್ವೀಡನ್ನು ಆಯುಧಗಳನ್ನು ಕೊಟ್ಟರೂ ತನ್ನ ಸೈನ್ಯವನ್ನು ಕಳುಹಲಿಲ್ಲ. ಬ್ರಿಟನ್ ಮತ್ತು ಫ್ರಾನ್ಸುಗಳ ಸೈನ್ಯಕ್ಕೆ ದಾರಿಯನ್ನೂ ಬಿಡಲಿಲ್ಲ. ಆ ಎರಡು ರಾಷ್ಟ್ರಗಳ ಕಣ್ಣಾದರೋ ಸ್ವೀಡನ್ನಿನ ಕಬ್ಬಿಣದ ಅದಿರಿನ ಮೇಲೂ ಇದ್ದಿತು.

ದಂಡೆತ್ತಿದ ನಾಡಿನ ಜನರು ಏನೆಂದರು? ಅವರನ್ನು ಕೇಳುವವರೇ ಇರಲಿಲ್ಲ. ಪತ್ರಿಕೆಗಳೆಲ್ಲ ಸರ್ಕಾರದ ಮಾತನ್ನೇ ಆಡುತ್ತಿದ್ದುವು. ಆ ಯುದ್ಧದಲ್ಲಿ ಮಡಿದ ಸೋವಿಯತ್ ಸೈನಿಕರ ಸಂಖ್ಯೆ ಒಂದು ಲಕ್ಷವನ್ನು ಮೀರಿತ್ತೆಂಬುದು ಆ ಸೈನಿಕರ ತಾಯಂದಿರಿಗೆ ಅಂದು ತಿಳಿಯಲಿಲ್ಲ. ಬಾಯಿ ಕಟ್ಟಿದ ಜನರ ಮೌನವನ್ನು ಸಮ್ಮತಿಯೆಂದು ಎಣಿಸುವುದು ನ್ಯಾಯವಲ್ಲ.

ಮಾಸ್ಕೋ ಬಹಳವಾಗಿ ತಪ್ಪೆಣಿಸಿದ್ದು ಫಿನ್ನರ ಮನಸ್ಸನ್ನು. 1918ರಲ್ಲಿ ಆ ನಾಡು ಕೆಂಪು, ಬಿಳಿ ಪಕ್ಷಗಳಾಗಿ ಒಡೆದು ಅಂತರ್ಯುದ್ಧದಲ್ಲಿ ನೆತ್ತರು ಹರಿಸಿತ್ತು. ಸೋತ ಕಾರ್ಮಿಕರ ಎದೆಯ ಗಾಯ ಇನ್ನೂ ಮಾದಿರಲಿಲ್ಲ. ಕೆಂಪು ಸೈನ್ಯವನ್ನು ಅವರು ಬಿಡುಗಡೆ ಮಾಡಬಂದವರೆಂದು ಎದುರುಗೊಳ್ಳುವರೆಂದು ನಂಬಿ, ದೇಶ ಬಿಟ್ಟು ಹೋಗಿದ್ದ ಕೂಸಿನೆನ್ ಎಂಬ ಮುಖಂಡನ ಕೈಕೆಳಗೆ ಗಡಿಯ ತೆರಿಯೋಕಿಯಲ್ಲಿ ಒಂದು ಸರ್ಕಾರವನ್ನೇ ಸ್ಥಾಪಿಸಿದರು. ಎದುರುಗೊಳ್ಳಲು ಯಾರೂ ಬರಲಿಲ್ಲ. ಕಾರ್ಮಿಕನೂ ಒಡೆಯನೂ ಒಂದೇ ಕಂದಕದಲ್ಲಿ ನಿಂತರು. 1940ರ ಜನವರಿ 23ರಂದು ಕಾರ್ಖಾನೆಯ ಒಡೆಯರ ಸಂಘವು, ತಾನು ಅದುವರೆಗೆ ಲೆಕ್ಕಕ್ಕೆ ತಾರದಿದ್ದ ಕಾರ್ಮಿಕ ಸಂಘಗಳನ್ನು ಮಾತುಕತೆಗೆ ಅರ್ಹವೆಂದು ಒಪ್ಪಿಕೊಂಡಿತು.

ಮಾರ್ಚ್ 13ರಂದು ಯುದ್ಧವು ನಿಂತಿತು. ಫಿನ್ಲೆಂಡು ತನ್ನ ನೆಲದ ಹತ್ತರಲ್ಲೊಂದು ಭಾಗವನ್ನು, ವೀಪುರಿ ಎಂಬ ಹಳೆಯ ನಗರದೊಡನೆ, ಕಳೆದುಕೊಂಡಿತು. ನಾಡಿನಲ್ಲಿ ಬಾವುಟಗಳು ಅರ್ಧಕ್ಕೆ ಇಳಿದುವು. ಆದರೆ ಕೂಸಿನೆನ್ನನ ಸರ್ಕಾರವನ್ನು ಮಾಸ್ಕೋ ಸದ್ದಿಲ್ಲದೆ ಕೈಬಿಟ್ಟಿತು. ಫಿನ್ಲೆಂಡಿನ ಸ್ವಾತಂತ್ರ್ಯವು ಉಳಿಯಿತು. ಬಿಟ್ಟುಕೊಟ್ಟ ಸೀಮೆಯಿಂದ ಬಂದ 4 ಲಕ್ಷಕ್ಕೂ ಮಿಕ್ಕ ನಿರಾಶ್ರಿತರಲ್ಲಿ ಬೇಸಾಯಗಾರರಿಗೆ ಭೂಮಿಯನ್ನು ಒದಗಿಸಲು ಅದೇ ಜೂನಿನಲ್ಲಿ ಶಾಸನವಾಯಿತು. ಸ್ಥಿತಿವಂತ ಭೂಮಾಲೀಕರು ತಮ್ಮ ಹೊಲದಲ್ಲಿ ಪಾಲು ಬಿಡಬೇಕಾಯಿತು.

ಇದರಿಂದ ನನಗೆ ತೋರುವುದಿಷ್ಟು. ಜನಾಭಿಪ್ರಾಯಕ್ಕೆ ಬೆಲೆಯುಂಟು, ಆದರೆ ಅದನ್ನು ಹೊಂದಿದವನು ತೆತ್ತಷ್ಟೇ ಅದರ ಬೆಲೆ. ಹೊರಗಣ ಲೋಕವು ಹೆಚ್ಚಾಗಿ ಮಾತನ್ನು ತೆತ್ತಿತು. ಅದರಿಂದ ಗಡಿ ಉಳಿಯಲಿಲ್ಲ. ಫಿನ್ನರು ಹಳೆಯ ಹಗೆಯನ್ನೂ ಹೊಲವನ್ನೂ ಪ್ರಾಣವನ್ನೂ ತೆತ್ತರು. ಅವರ ನಾಡು ಉಳಿಯಿತು. ಇಂತಹ ಸುದ್ದಿ ಕಿವಿಗೆ ಬಿದ್ದಾಗ "ಅಯ್ಯೋ, ಅನ್ಯಾಯ" ಎನ್ನುವುದು ಸಹಜ. ಶ್ರೋತೃಗಳೇ, ಹಾಗೆಂದ ಮೇಲೆ ಅದಕ್ಕಾಗಿ ನಾವು ಏನನ್ನು ಕೊಡಬಲ್ಲೆವೆಂದು ನಮ್ಮನ್ನೇ ಕೇಳಿಕೊಳ್ಳುವುದು ಒಳ್ಳೆಯದು.